ಕದ್ದವಳ ಹೆಸರು

ಅವ್ವ ನೆಲದಿಂದ ಕಾಲೆತ್ತಲೇ ಇಲ್ಲ. ಹಿರಿಮಗಳು ಸೆನೊವಾರ ಹೊದಿಸಲೆಂದು ತಂದಿದ್ದ ಕಂಬಳಿ ಮಡಿಕೆ ಬಿಚ್ಚದೆ ಬಾಗಿಲ ಬಳಿ ಬಿದ್ದಿತ್ತು. ಹೊರಗೆ ಎತ್ತಿನ ಗಾಡಿ ಕಾಯುತ್ತಿತ್ತು. ಚಳಿ ಮುಗಿದ ಕೂಡಲೇ ಅವ್ವ ಊರಿಗೆ ಮರಳಬೇಕೆಂದು ಮಾತಾಗಿತ್ತು. ಚಳಿ ಮುಗಿದು ಬಾರ್ಲಿ ಮೊಳೆತು ಹದಿನೈದು ದಿನ ಕಳೆದಿತ್ತು.

"ಇನ್ನೊಂದಷ್ಟು ದಿವ್ಸ ಇರ್ತೀನಿ ಕಣವ್ವ," ಎಂದಳು ಮುದುಕಿ. "ಇಲ್ಲಿ ಮಂಡಿನೋವು ಗೊತ್ತಾಗಕಿಲ್ಲ."

ಗೊತ್ತಾಗುವುದಾದರೂ ಹೇಗೆ? ಕಿರಿಮಗಳು ಕುನೊವಿಂದಳ ಮನೆಯಲ್ಲಿ ಬೆಂಕಿ ಉರಿಯುತ್ತಿದ್ದುದು ನೆಲದಡಿಯಲ್ಲಿ. ಆಳು ಹೊರಗಿನಿಂದ ಸೌದೆ ತುಂಬಿದರೆ ಸಾಕು, ಒಳಗೆ ಕಲ್ಲುಹಾಸು ರೊಟ್ಟಿಯಂತೆ ಬೆಚ್ಚಗಾಗುತ್ತಿತ್ತು. ಸೆನೊವಾರಳ ದುಂಡು ಗುಡಿಸಲಿನಲ್ಲಿ ಒಲೆಯೂ ಹೊಗೆಯೂ ಮನುಷ್ಯರೂ ಒಟ್ಟಿಗೇ ಬಾಳಬೇಕಿತ್ತು.

ರೋಮನರ ದಂಡು ಬೆಟ್ಟದ ಕೋಟೆ ಹತ್ತಿದ ದಿನ ಅಕ್ಕತಂಗಿಯರ ಅಣ್ಣ ಕಾತುವಾರ ಸತ್ತಿದ್ದ. ಮಾರನೆಯ ದಿನ ಮನೆಮನೆಯ ಕತ್ತಿಗಳನ್ನು ರಾಶಿ ಹಾಕಿಸಿ ಗಾಡಿಗಳಲ್ಲಿ ಹೇರಿಕೊಂಡು ಹೋದರು. ಮಗನ ಮೈ ತೊಳೆದ ಅವ್ವ, ರೋಮನರ ಮನೆಯ ನೀರು ತನ್ನ ಗಂಟಲಲ್ಲಿ ಇಳಿಯುವುದಿಲ್ಲವೆಂದು ಆಣೆಯಿಟ್ಟಳು. ಕುನೊವಿಂದ, ಮನೆಯವರ ಬಾಯಲ್ಲಿ ವಿಂದ, ಆಗ ಮೊಲೆಕೂಸು. ಅದೇ ಕೂಸು ಬೆಳೆದು ಹದಿನೆಂಟಕ್ಕೆ, ಅದೇ ದಂಡಿನಿಂದ ಬಿಡುಗಡೆಯಾದ ಕುದುರೆ ಸವಾರನೊಬ್ಬನ ಕೈಹಿಡಿದು ಊರು ಬಿಟ್ಟಿತು. ಅವಳ ಹೆಸರೆತ್ತಬೇಡಿ ಎಂದಳು ಅವ್ವ. ಆ ಮಾತನ್ನು ನಂಬಿ ಸೆನೊವಾರ ಮದುವೆಯನ್ನೂ ಆಗದೆ ಅವ್ವನ ಬಳಿ ಉಳಿದಳು. ಗಂಜಿ ಕಾಸಿದಳು, ಅವ್ವನ ಮಂಡಿಗೆ ಕುರಿಕೊಬ್ಬು ತಿಕ್ಕಿದಳು. ಹೋದ ಹಿಮಗಾಲದಲ್ಲಿ ಅವ್ವ ಕೆಮ್ಮಿ ಕೆಮ್ಮಿ ಸೊರಗಿದಾಗ ವಿಂದ ಗಾಡಿ ಕಳಿಸಿದಳು. ಎರಡು ತಿಂಗಳ ಮಾತೆಂದು ಸೆನೊವಾರಳೇ ಒಪ್ಪಿ ಹತ್ತಿಸಿದ್ದಳು.

ಈಗ ಅವ್ವ ಕೆಂಪು ಹೊಳಪಿನ ಬಟ್ಟಲಲ್ಲಿ ದ್ರಾಕ್ಷಾರಸ ಗುಟುಕರಿಸುತ್ತಿದ್ದಳು. ಕೆನ್ನೆ ತುಂಬಿಕೊಂಡಿತ್ತು. ಅದನ್ನು ಕಂಡು ಸೆನೊವಾರ ಸಂತೋಷಪಡಬೇಕಿತ್ತು; ಆಗಲಿಲ್ಲ.

"ಅಕ್ಕ, ನೀನೂ ಇಲ್ಲೇ ಇದ್ಬಿಡು. ಜಾಗ ಐತೆ," ಎಂದಳು ವಿಂದ.

ಬೈದಿದ್ದರೆ ಸೆನೊವಾರ ತಡೆದುಕೊಳ್ಳುತ್ತಿದ್ದಳು. ಅವ್ವನತ್ತ ತಿರುಗಿದಳು.

"ಕಾತುವಾರನ ನೆಪ್ಪಾದ್ರೂ ಐತಾ ನಿಂಗೆ?"

ಮುದುಕಿ ಬಟ್ಟಲನ್ನು ಕೆಳಗಿಟ್ಟಳು. "ಮೂವತ್ತೈದು ವರ್ಸ ಚಳೀಲಿ ಕುಂತಿದ್ದೆ. ಅವನೇನು ಎದ್ದು ಬಂದ್ನಾ?" ಎಂದವಳೇ ತಲೆಯನ್ನು ವಿಂದಳ ಕಡೆಗೆ ವಾಲಿಸಿದಳು. ವಿಂದ ಬಾಚಣಿಗೆ ತೆಗೆದುಕೊಂಡು, ದಿನವೂ ಮಾಡುವವಳಂತೆ, ಆ ಬಿಳಿಗೂದಲನ್ನು ಬಿಡಿಸತೊಡಗಿದಳು.

ಖಾಲಿ ಗಾಡಿಯನ್ನು ಸೆನೊವಾರ ಊರಿಗೆ ಹೊಡೆಯಲಿಲ್ಲ. ಬಿಸಿನೀರ ಬುಗ್ಗೆಯ ಕಡೆಗೆ ತಿರುಗಿಸಿದಳು. ಅಲ್ಲಿನ ದೇವತೆ ಸುಲಿಸ್ ತಾಯಿಗೂ ರೋಮನರು ಇನ್ನೊಂದು ಹೆಸರು ಅಂಟಿಸಿ, ಸುತ್ತ ಕಲ್ಲುಕಟ್ಟೆ ಕಟ್ಟಿದ್ದರು. ಕಳುವಾದವರು ಕಳ್ಳನ ಮೇಲಿನ ಶಾಪವನ್ನು ಸೀಸದ ತಗಡಿನಲ್ಲಿ ಬರೆಸಿ ನೀರಿಗೆ ಹಾಕಿದರೆ, ಕದ್ದವನು ನಿದ್ದೆಗೆಟ್ಟು ರಕ್ತ ಕಾರುತ್ತಾನೆಂದು ನಂಬಿಕೆ. ಮೆಟ್ಟಿಲ ಮೇಲೆ ಕೂತಿದ್ದ ಬರೆಯುವವನು ಕಡಲಾಚೆಯ ಗಾಲ್ ಸೀಮೆಯವನು. ತಗಡನ್ನು ತೊಡೆಯ ಮೇಲೆ ತಟ್ಟಿ ಚಪ್ಪಟೆ ಮಾಡುತ್ತ, ಏನು ಹೋಯಿತು, ಬಟ್ಟೆಯೋ ಪಾತ್ರೆಯೋ ಎಂದು ಕೇಳಿದ.

"ನಮ್ಮವ್ವ."

ಅವನು ತಲೆಯೆತ್ತಿ ನೋಡಿದ. ಕಳುವಿಗೆ ಒಂದು ವಸ್ತು ಇರಬೇಕಲ್ಲ ಎಂದು ಗೊಣಗಿದ. ಹೋಗಲಿ, ಕದ್ದವರು ಯಾರೆಂದು ಗೊತ್ತೇ ಎಂದ.

"ಕ್ಲಾಡಿಯಾ."

ರೋಮನರ ಹೆಸರು, ಅವನಿಗೆ ಸಲೀಸು. ಮೊದಲ ಗೆರೆ ಎಳೆಯುವಷ್ಟರಲ್ಲಿ ಸೆನೊವಾರ ಅವನ ಮಣಿಕಟ್ಟು ಹಿಡಿದಳು. "ಬ್ಯಾಡ. ಅದು ಗಂಡನ ಮನೇಲಿ ಇಟ್ಟಿದ್ದು. ಸುಲಿಸ್ ತಾಯಿಗೆ ಆ ಹೆಸರು ತಿಳಿಯಕಿಲ್ಲ. ಕುನೊವಿಂದ ಅಂತ ಬರಿ."

ಅವನ ಕಿವಿಗೆ ಅದು ಹತ್ತಲಿಲ್ಲ. ಇನ್ನೊಮ್ಮೆ ಹೇಳಲು ಹೇಳಿದ. ಹೇಳಿದಳು. ಬಿಡಿಸಿ ಹೇಳೆಂದ. "ಕು... ನೊ..." ಎನ್ನುವಾಗ ಅವಳಿಗರಿವಿಲ್ಲದೆಯೇ ದನಿ ಏರಿತು. ಅಣ್ಣ ಸತ್ತ ವರ್ಷ ಅವ್ವ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದಳು. ಕೂಸನ್ನು ಕಣ್ಣೆತ್ತಿಯೂ ನೋಡಲಿಲ್ಲ. ಹದಿನೈದರ ಸೆನೊವಾರ ಅದನ್ನು ಸೊಂಟದ ಮೇಲೆ ಹೊತ್ತು, ಮೇಕೆಯ ಹಾಲಿನಲ್ಲಿ ಬಟ್ಟೆ ಅದ್ದಿ ಚೀಪಿಸಿದ್ದಳು. ನಡೆಯಲು ಕಲಿತ ಮೇಲೆ ಬಾರ್ಲಿ ಪೈರಿನೊಳಗೆ ನುಸುಳಿ ಕಾಣೆಯಾಗುತ್ತಿದ್ದ ಅದನ್ನು ಹೊಲದ ಬದುವಿನಲ್ಲಿ ನಿಂತು ಕೂಗುತ್ತಿದ್ದುದು ಹೀಗೆಯೇ.

"ವಿಂ... ದಾ."

ಕಟ್ಟೆಯ ಮೇಲಿದ್ದ ನಾಲ್ಕಾರು ಮಂದಿ ತಿರುಗಿ ನೋಡಿದರು. ಬರೆಯುವವನು ಗೀರಿ ಮುಗಿಸಿ, ಮುಂದೇನು, ಕಣ್ಣು ಹೋಗಲಿ ಎನ್ನಲೋ, ರಕ್ತ ಒಣಗಲಿ ಎನ್ನಲೋ ಎಂದ.

ಸೆನೊವಾರ ತಗಡಿನ ಮೇಲಿನ ಗೀರುಗಳನ್ನು ಬೆರಳಿನಿಂದ ಸವರಿದಳು.

"ಅಷ್ಟೇ ಸಾಕು."

"ಬರೀ ಹೆಸರು ಹಾಕಿದ್ರೆ, ಕಾಯ್ಬೇಕೋ ಕೊಲ್ಬೇಕೋ ತಾಯಿಗೆ ಹೆಂಗೆ ತಿಳೀತದೆ?"

"ನಂಗೂ ತಿಳೀತಿಲ್ಲ," ಎಂದು ತಗಡನ್ನು ಕಿತ್ತುಕೊಂಡಳು.

ಮೆಟ್ಟಿಲಿಳಿದು ನೀರಿನಂಚಿಗೆ ಹೋದಳು. ತಗಡು ಕೈಬಿಟ್ಟೊಡನೆ ಮುಳುಗಿತು. ಹಿಂದೆ ಇನ್ನೊಬ್ಬ ಹೆಂಗಸು ಬರೆಯುವವನೆದುರು ಕೂತು, ತನ್ನ ಕಂಚಿನ ಬಾಣಲೆ ಎಷ್ಟು ಅಗಲವಿತ್ತೆಂದು ಕೈಯಗಲಿಸಿ ತೋರಿಸುತ್ತಿದ್ದಳು. ಸೆನೊವಾರ ಹಬೆಯಲ್ಲಿ ಬಗ್ಗಿ, ತಳದಿಂದೇಳುವ ಗುಳ್ಳೆಗಳನ್ನು ನೋಡುತ್ತ ನಿಂತಳು.