ಹದಿನೇಳನೆಯ ಎಳೆ

ಅರ್ಜಿಯ ಒಂಬತ್ತನೆಯ ಸಾಲಿಗೆ ಬಂದಾಗ ಡ್ವೈಟ್ ಹಾರ್ನಿಕ್‌ನ ಪೆನ್ನು ನಿಂತಿತು.

ಅಲ್ಲಿಯವರೆಗೆ ಎಲ್ಲ ಸಲೀಸಾಗಿ ಸಾಗಿತ್ತು. ಲೂ ಸಬೊ ಹೇಳುತ್ತಿದ್ದ, ಡ್ವೈಟ್ ಬರೆಯುತ್ತಿದ್ದ. ಹೆಸರು, ವಿಳಾಸ, ಸಂಚಿಕೆ ಏಳು, ಅಚ್ಚಾದ ವರ್ಷ 1943. ಲೂನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸಣ್ಣ ಅಕ್ಷರ ಕಾಣುವುದಿಲ್ಲವೆಂದು ಹಳೆಯ ಗೆಳೆಯನನ್ನು ಜೊತೆಗೆ ಬರಹೇಳಿದ್ದ. ಟೊಲೀಡೊ ಊರಾಚೆಯ ಆ ಹೋಟೆಲಿನ ಸಭಾಂಗಣದಲ್ಲಿ ಶನಿವಾರದ ಕಾಮಿಕ್ ಸಂತೆ ನೆರೆದಿತ್ತು. ಇಬ್ಬರೂ ಹೊರಗಿನ ಓಣಿಯಲ್ಲಿ, ಗೋಡೆಗೆ ಒತ್ತಿದ ಬೆಂಚಿನ ಮೇಲೆ ಕುಳಿತಿದ್ದರು. ಪುಸ್ತಕ ಲೂನ ತೊಡೆಯ ಮೇಲಿತ್ತು, ಪಾರದರ್ಶಕ ಚೀಲದೊಳಗೆ. ರಕ್ಷಾಪುಟದಲ್ಲಿ ಹಳದಿ ಮುಸುಕಿನ ನಾಯಕನೊಬ್ಬ ಮುಳುಗುತ್ತಿರುವ ಜಲಾಂತರ್ಗಾಮಿಯ ಮೇಲೆ ನಿಂತು ಕೈ ಎತ್ತಿದ್ದ.

"ಮುಂದೇನಿದೆ ಓದೋ. ನಿದ್ದೆ ಬಂತಾ?"

ಡ್ವೈಟ್ ಓದಿದ. "ನಿಮಗೆ ತಿಳಿದಂತೆ ಈ ಪುಸ್ತಕಕ್ಕೆ ಯಾವುದೇ ದುರಸ್ತಿ ಆಗಿದೆಯೆ? ಬಣ್ಣ ತುಂಬಿರುವುದು, ಅಂಟಿಸಿರುವುದು, ಅಂಚು ಕತ್ತರಿಸಿರುವುದು."

"ಇಲ್ಲ ಅಂತ ಬರಿ. ದಪ್ಪಕ್ಷರದಲ್ಲಿ ಬರಿ. ತಾಯಿ ಹೊಟ್ಟೆಯಿಂದ ಹೊರಗೆ ಬಂದ ಹಾಗೇ ಇದೆ ಅಂತ ಬರೆಯೋಕೆ ಜಾಗ ಇದ್ರೆ ಅದನ್ನೂ ಬರಿ."

ಡ್ವೈಟ್ ಬರೆಯಲಿಲ್ಲ.

ಲೂ ಇದನ್ನು ಮಾರುವುದಕ್ಕಾಗಿ ತಂದಿರಲಿಲ್ಲ. ಅರ್ಜಿ ದರ್ಜೆ ಕೊಡುವ ಕಂಪನಿಯದು. ಅವರು ಪುಸ್ತಕವನ್ನು ಪುಟಪುಟವಾಗಿ ನೋಡಿ, ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಕಳಿಸುತ್ತಾರೆ. ಯಾರೂ ಕೈಯಾಡಿಸದ ಪುಸ್ತಕಕ್ಕೆ ನೀಲಿ ಚೀಟಿ. ಕೈಯಾಡಿಸಿದ್ದಕ್ಕೆ ನೇರಳೆ. ಹದಿನಾರನೆಯ ವಯಸ್ಸಿನಲ್ಲಿ, ಬಾಗಿಲು ಮುಚ್ಚುತ್ತಿದ್ದ ಒಂದು ಕ್ಷೌರದಂಗಡಿಯ ಪೆಟ್ಟಿಗೆಯಿಂದ ಎತ್ತಿಕೊಂಡು ಬಂದ ಈ ಪುಸ್ತಕದ ನೀಲಿ ಚೀಟಿಯನ್ನು ತನ್ನ ಗೋಡೆಯ ಮೇಲೆ ನೋಡಬೇಕೆಂಬುದು ಲೂನ ಆಸೆ, ಅಷ್ಟೆ. ಐವತ್ತೇಳು ವರ್ಷಗಳಲ್ಲಿ ಆ ಪುಸ್ತಕವನ್ನು ಅವನು ಒಬ್ಬನೇ ಒಬ್ಬನ ಕೈಗೆ ಬಿಟ್ಟುಕೊಟ್ಟಿದ್ದ. ಆ ಒಬ್ಬ ಈಗ ಪೆನ್ನು ಹಿಡಿದು ಸುಮ್ಮನೆ ಕುಳಿತಿದ್ದ.

1986ರ ಏಪ್ರಿಲ್. ಡ್ವೈಟ್ ಆಗ ಮನೆಯ ನೆಲಮಾಳಿಗೆಯಲ್ಲಿ ಹಳೆಯ ಕಾಮಿಕ್‌ಗಳನ್ನು ದುರಸ್ತಿ ಮಾಡುತ್ತಿದ್ದ. ಹೆಂಡತಿ ಐಲೀನ್ ಮೂರನೆಯ ಸಲ ಆಸ್ಪತ್ರೆ ಸೇರಿದ್ದಳು. ಅವನು ಹಗಲು ಅವಳ ಬಳಿ ಕೂತು, ಉಳಿದ ಹೊತ್ತಿನಲ್ಲಿ ಕೈಗೆ ಸಿಕ್ಕ ಕೆಲಸ ಮುಗಿಸುತ್ತಿದ್ದ. ಡೆಟ್ರಾಯಿಟ್‌ನ ವ್ಯಾಪಾರಿಯೊಬ್ಬ ಎಂಟು ಪುಸ್ತಕ ಕಳಿಸಿದ್ದ. ಓದಿ ಓದಿ ನವೆದ ಅಂಚುಗಳನ್ನು ಒಂದೆಳೆಯಷ್ಟು ಕತ್ತರಿಸಿ ಚೂಪು ಮಾಡಿಕೊಡಬೇಕಿತ್ತು. ಆಗ ಅದನ್ನು ತಪ್ಪೆಂದು ಹೇಳುವವರು ಕಡಿಮೆ. ಡ್ವೈಟ್‌ಗೆ ಮಾತ್ರ ಆಗಲೂ ಆ ಕೆಲಸ ಹಿಡಿಸುತ್ತಿರಲಿಲ್ಲ. ಬಣ್ಣ ಹಚ್ಚಿದ್ದನ್ನು ಕೆರೆದು ತೆಗೆಯಬಹುದು, ಅಂಟಿಸಿದ್ದನ್ನು ನೆನೆಸಿ ಬಿಡಿಸಬಹುದು. ಕತ್ತರಿಸಿದ್ದು ಮರಳಿ ಬೆಳೆಯುವುದಿಲ್ಲ.

ಅದೇ ಮೇಜಿನ ಮೇಲೆ ಲೂನ ಪುಸ್ತಕವೂ ಇತ್ತು. ಬೆನ್ನು ಸ್ವಲ್ಪ ಸೊಟ್ಟಗಾಗಿದ್ದುದರಿಂದ ಎರಡು ಹಲಗೆಗಳ ನಡುವೆ ಒತ್ತಿ ನೇರ ಮಾಡಲು ಲೂ ಕೊಟ್ಟಿದ್ದ, ಅದು ದುರಸ್ತಿಯ ಲೆಕ್ಕಕ್ಕೆ ಬರುವುದಿಲ್ಲ. ಕೆಲಸ ಮುಗಿಯಿತು, ಲೂ ಬಂದು ತೆಗೆದುಕೊಂಡು ಹೋದ, ವ್ಯಾಪಾರಿಯ ಎಂಟೂ ಟಪಾಲಿಗೆ ಬಿದ್ದವು. ಮೂರು ದಿನ ಬಿಟ್ಟು ಡ್ವೈಟ್ ಕಸ ಗುಡಿಸಿದ. ರಕ್ಷಾಪುಟದ ಹೊಳಪು ಕಾಗದದ ಎಳೆಗಳು ಕಸದಲ್ಲಿ ಎದ್ದು ಕಾಣುತ್ತಿದ್ದವು. ಪ್ರತಿ ಪುಸ್ತಕಕ್ಕೆ ಮುಂದಿನದೊಂದು, ಹಿಂದಿನದೊಂದು. ಎಂಟಕ್ಕೆ ಹದಿನಾರು ಇರಬೇಕು. ಯಾಕೆ ಎಣಿಸಿದನೋ ಅವನಿಗೇ ತಿಳಿಯದು. ಹದಿನೇಳು ಇದ್ದವು.

ಒಂದು ಎಳೆ ಮುರಿದು ಎರಡಾಗಿರಬಹುದು. ಅಥವಾ ಒಂಬತ್ತನೆಯ ಪುಸ್ತಕವೊಂದು ಅಲಗಿನ ಕೆಳಗೆ ಹೋಗಿ, ಅದರ ಇನ್ನೊಂದು ಎಳೆ ಪೊರಕೆಗೆ ಸಿಕ್ಕದೆ ಉಳಿದಿರಬಹುದು. ಆ ವಾರ ತನ್ನ ಕೈ ಏನು ಮಾಡುತ್ತಿತ್ತೆಂದು ಅವನಿಗೆ ಸರಿಯಾಗಿ ನೆನಪಿರಲಿಲ್ಲ. ಎಳೆಗಳನ್ನು ಸಾಲಾಗಿ ಜೋಡಿಸಿ, ಅಳೆದು, ಬಣ್ಣ ಹೋಲಿಸಿ ನೋಡಿದ್ದರೆ ಹತ್ತು ನಿಮಿಷದಲ್ಲಿ ತಿಳಿಯುತ್ತಿತ್ತು. ಅವನು ಅವನ್ನು ಚೀಲಕ್ಕೆ ತುಂಬಿ, ಬಾಯಿ ಬಿಗಿದು ಕಟ್ಟಿ, ಬೀದಿಯ ಡಬ್ಬಿಗೆ ಹಾಕಿ ಬಂದ.

ಆ ಅಕ್ಟೋಬರಿನಲ್ಲಿ ಐಲೀನ್ ತೀರಿಕೊಂಡಳು. ಆಮೇಲೆ ಡ್ವೈಟ್ ಭಾನುವಾರದ ಊಟಕ್ಕೆ ಲೂ ಮತ್ತು ಅವನ ಹೆಂಡತಿ ಮಿರ್ನಾಳ ಮನೆಗೆ ಹೋಗುವುದನ್ನು ನಿಲ್ಲಿಸಿದ. ಹೋದರೆ ಲೂ ಆ ಪುಸ್ತಕ ತೆಗೆದು ತೋರಿಸುತ್ತಿದ್ದ. ಹಿಡಿದು ಅಂಚು ನೋಡಿದರೆ ತಿಳಿದುಹೋಗುತ್ತಿತ್ತು. ತಿಳಿಯದೆ ಇರುವುದೇ ಅವನಿಗೆ ಬೇಕಾಗಿತ್ತು. ಸಂತೆಗಳಲ್ಲಿ ಸಿಕ್ಕಾಗ ಇಬ್ಬರೂ ಕಾಫಿ ಕುಡಿಯುತ್ತಿದ್ದರು, ಹವೆಯ ಬಗ್ಗೆ ಮಾತಾಡುತ್ತಿದ್ದರು. ಮೂವತ್ತಮೂರು ವರ್ಷ ಹಾಗೇ ಕಳೆಯಿತು.

"ಲೂ, ಇಲ್ಲ ಅಂತ ಬರೆಯೋಕೆ ನನ್ ಕೈಲಿ ಆಗ್ತಿಲ್ಲ."

"ಯಾಕೆ, ಇಂಕ್ ಖಾಲಿಯಾಯ್ತಾ?"

"ಅಂಚು ಕತ್ತರಿಸಿರಬಹುದು. ನಾನೇ."

ಆಮೇಲೆ ಅವನು ಎಲ್ಲವನ್ನೂ ಹೇಳಿದ. ಎಂಟು ಪುಸ್ತಕ, ಹದಿನೇಳು ಎಳೆ, ಕಸದ ಚೀಲ. ಇಷ್ಟು ವರ್ಷ ಮನಸ್ಸಿನಲ್ಲಿ ಬೆಟ್ಟದಂತೆ ಬೆಳೆದಿದ್ದ ಸಂಗತಿ, ಬಾಯಿಬಿಟ್ಟು ಹೇಳುವಾಗ ಎರಡು ನಿಮಿಷಕ್ಕೇ ಮುಗಿದುಹೋಯಿತು. ಅದು ಅವನಿಗೆ ಒಂದು ಬಗೆಯ ಅವಮಾನವೆನಿಸಿತು.

ಲೂ ತಲೆಯ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. ಒಳಗೆ ಧ್ವನಿವರ್ಧಕದಲ್ಲಿ ಯಾರದೋ ಕಾರಿನ ದೀಪ ಉರಿಯುತ್ತಿದೆ ಎಂದು ಕೂಗುತ್ತಿದ್ದರು.

"ಕತ್ತರಿಸಿದ್ರೆ ಎಷ್ಟು ಹೋಗಿರುತ್ತೆ?" ಎಂದು ಕೊನೆಗೆ ಕೇಳಿದ.

"ಬೆಂಕಿಕಡ್ಡಿಯ ಅರ್ಧ ದಪ್ಪ."

"ಅರ್ಧ ಬೆಂಕಿಕಡ್ಡಿ." ಲೂ ತನ್ನ ಬೆರಳುಗಳನ್ನು ಅಷ್ಟು ಹತ್ತಿರ ತಂದು, ಕಾಣದ ಕಣ್ಣಿನಿಂದ ಆ ಸಂದಿಯನ್ನು ನೋಡಿದ. "ಇದನ್ನ ನೀನು ಯಾವಾಗ ಹೇಳೋಣ ಅಂತಿದ್ದೆ ಮಾರಾಯ? ನನ್ನ ಹೆಣದ ಪೆಟ್ಟಿಗೆಗೆ ಮೊಳೆ ಹೊಡೆಯುವಾಗ್ಲಾ?"

"ಹೇಳೋ ಯೋಚನೆ ಇರ್ಲಿಲ್ಲ."

"ಅದನ್ನಾದ್ರೂ ನೆಟ್ಟಗೆ ಹೇಳ್ದೆ." ಲೂ ಎದ್ದು ನಿಂತ. ಅವನ ಮುಖ ಕೆಂಪಾಗಿತ್ತು. "ನಡಿ. ನೋಡು."

"ಅವರು ನೋಡ್ತಾರಲ್ಲ ಲೂ. ಕಳಿಸಿದ್ರೆ ಆರು ವಾರದಲ್ಲಿ..."

"ಆರು ವಾರ ಕಾಯೋಕೆ ನಂಗೇನು ನಿನ್ ಥರ ಕಲ್ಲೆದೆಯಾ? ನಂಗೆ ಕಣ್ಣು ಕಾಣಲ್ಲ. ನೀನೇ ನೋಡ್ಬೇಕು. ಈಗ್ಲೇ."

ಕಂಪನಿಯ ಮೇಜಿನ ಹಿಂದೆ ರೋಂಡಾ ಎಂಬ ದಪ್ಪ ಕನ್ನಡಕದ ಹೆಂಗಸು ಕುಳಿತಿದ್ದಳು. ಡ್ವೈಟ್ ಭೂತಗಾಜು ಕೇಳಿದ. ಅವಳು ಒಬ್ಬನ ಬಿಳುಚಿದ ಮುಖವನ್ನೂ ಇನ್ನೊಬ್ಬನ ಕೆಂಪು ಮುಖವನ್ನೂ ನೋಡಿದಳು.

"ಏನ್ರಪ್ಪಾ, ಹೆರಿಗೆ ವಾರ್ಡಿಂದ ಬಂದ ಹಾಗಿದೀರ ಇಬ್ರೂ. ಗಾಜು ಕೊಡ್ತೀನಿ, ಇಲ್ಲೇ ನೋಡಿ ಕೊಡ್ಬೇಕು. ಕೈ ತೊಳೆದಿದೀರಾ?"

ಡ್ವೈಟ್ ಹೋಗಿ ಕೈ ತೊಳೆದು, ಕಾಗದದಲ್ಲಿ ಒರೆಸಿ, ಮತ್ತೊಮ್ಮೆ ತೊಳೆದು ಬಂದ. ಇನ್ನೊಂದು ಸಲ ತೊಳೆಯಬಹುದೇ ಎಂದು ಯೋಚಿಸಿದವನು ತಾನು ಮಾಡುತ್ತಿರುವುದೇನೆಂದು ಹೊಳೆದು ನಾಚಿಕೊಂಡ. ಚೀಲದ ಬಾಯಿಯ ಟೇಪು ಬಿಡಿಸಿ, ಪುಸ್ತಕವನ್ನು ಹಲಗೆಯ ಸಮೇತ ಹೊರಗೆ ಎಳೆದ. ಹಳೆಯ ಕಾಗದದ ಒಣ, ಸಿಹಿ ವಾಸನೆ ಮೂಗಿಗೆ ಬಡಿಯಿತು.

ಅವನು ಪುಸ್ತಕವನ್ನು ಎರಡೂ ಅಂಗೈಗಳ ನಡುವೆ ನಿಲ್ಲಿಸಿ, ತೆರೆಯುವ ಬದಿಯನ್ನು ರೋಂಡಾಳ ಮೇಜುದೀಪದ ಕಡೆಗೆ ತಿರುಗಿಸಿದ. ಗಾಜನ್ನು ಕಣ್ಣಿಗಿಟ್ಟುಕೊಂಡ. ಮೊದಲು ಏನೂ ಕಾಣಲಿಲ್ಲ. ಅವನ ಉಸಿರಿಗೆ ಗಾಜು ಮಂಜಾಗಿತ್ತು.

"ಏನು?" ಎಂದ ಲೂ.

"ತಡಿ."

"ತಡೆದಿದೀನಿ."

ಗಾಜು ಒರೆಸಿ ಮತ್ತೆ ನೋಡಿದ. ಹಳೆಯ ಅಚ್ಚುಕಾಗದ ಹೊರಗಿನಿಂದ ಒಳಕ್ಕೆ ಕಂದಾಗುತ್ತ ಹೋಗುತ್ತದೆ. ಕತ್ತರಿಸಿದರೆ ಆ ಕಂದಿನ ಪಟ್ಟಿ ಹೋಗಿ ಒಳಗಿನ ತಿಳಿಬಣ್ಣ ಹೊರಗೆ ಬೀಳುತ್ತದೆ. ಇಲ್ಲಿ ಅಂಚು ಮೇಲಿನಿಂದ ಕೆಳಗಿನವರೆಗೆ ಕಾಫಿ ಚೆಲ್ಲಿದಂತೆ ಒಂದೇ ಸಮನೆ ಕಂದಾಗಿತ್ತು. ಅಷ್ಟು ಸಾಲದು. ಮೂವತ್ತಮೂರು ವರ್ಷದಲ್ಲಿ ಕತ್ತರಿಸಿದ ಅಂಚೂ ಕಂದಾಗಬಹುದಲ್ಲ. ಅವನು ಗಾಜನ್ನು ನಿಧಾನವಾಗಿ ಕೆಳಕ್ಕೆ ಸರಿಸಿದ. ಕೆಳಗಿನಿಂದ ಒಂದು ಇಂಚು ಮೇಲೆ, ಅಂಚಿನ ಮೇಲೆ ಅಡ್ಡಲಾಗಿ ಸಣ್ಣದೊಂದು ಗೀರು ಸಿಕ್ಕಿತು.

ರಕ್ಷಾಪುಟದಿಂದ ಶುರುವಾಗಿ ಮೊದಲ ಹಾಳೆ, ಎರಡನೆಯದು, ಹತ್ತನೆಯದು, ಮೂವತ್ತೆರಡನೆಯದು, ಹಿಂದಿನ ರಕ್ಷಾಪುಟ. ಎಲ್ಲೂ ಕಡಿಯದೆ, ದಾರ ಎಳೆದಂತೆ ನೇರವಾಗಿ ಸಾಗಿತ್ತು. 1943ರಲ್ಲಿ ಯಾವುದೋ ಮುದ್ರಣಾಲಯದ ಕತ್ತರಿ ಯಂತ್ರದ ಅಲಗಿನಲ್ಲಿ ಒಂದು ಮುಕ್ಕು ಇದ್ದಿರಬೇಕು. ಅದು ಪಿನ್ನು ಹೊಡೆದ ಪುಸ್ತಕವನ್ನು ಒಂದೇ ಏಟಿಗೆ ಕತ್ತರಿಸುವಾಗ ಎಲ್ಲ ಹಾಳೆಗಳ ಮೇಲೂ ತನ್ನ ಗುರುತು ಬಿಟ್ಟು ಹೋಗಿತ್ತು. ಡ್ವೈಟ್‌ನ ಅಲಗು 1986ರಲ್ಲಷ್ಟೇ ಕೊಂಡ ಹೊಸ ಅಲಗು. ಅದು ಇಲ್ಲಿ ಒಂದು ಕೂದಲೆಳೆಯಷ್ಟು ಹಾದಿದ್ದರೂ ಈ ಗೀರು ನೆಲಮಾಳಿಗೆಯ ಕಸಕ್ಕೆ ಬಿದ್ದಿರುತ್ತಿತ್ತು.

ಅವನು ಗಾಜನ್ನು ಕೆಳಗಿಟ್ಟ. ಪುಸ್ತಕವನ್ನೂ ಕೆಳಗಿಟ್ಟ. ಕೈಗಳನ್ನು ಕೋಟಿನ ಜೇಬಿಗೆ ತುರುಕಿಕೊಂಡ.

"ಮುಟ್ಟಿಲ್ಲ," ಎಂದ. "ಲೂ, ನಾನು ಮುಟ್ಟಿಲ್ಲ."

"ಸರಿಯಾಗಿ ನೋಡಿದ್ಯಾ?"

"ಅಚ್ಚುಮನೆಯ ಅಲಗಿನ ಗುರುತು ಹಾಗೇ ಇದೆ. ಮೂವತ್ನಾಲ್ಕು ಹಾಳೆಗೂ."

ರೋಂಡಾ ತಾನೂ ಗಾಜು ಎತ್ತಿ ಇಣುಕಿದಳು. "ಇದು ನನ್ ಕೆಲ್ಸ ಅಲ್ಲ, ನಾನು ಅರ್ಜಿ ತಗೊಳ್ಳೋಳು. ಆದ್ರೆ ಇಷ್ಟು ಚೆಂದದ ಗೀರು ನೋಡಿ ಬಹಳ ದಿನ ಆಗಿತ್ತು," ಎಂದಳು.

ಲೂ ಮೇಜಿನ ಅಂಚು ಹಿಡಿದುಕೊಂಡು ನಿಂತ. ನಗುವನೆಂದು ಡ್ವೈಟ್ ಕಾದ. ನಗಲಿಲ್ಲ. "ಹಾಗಾದ್ರೆ ಭಾನುವಾರ ಊಟಕ್ಕೆ ಬರೋದು ಬಿಟ್ಟಿದ್ದು ಇದಕ್ಕಾ?" ಎಂದು ಕೇಳಿದ.

"ಹೂಂ."

"ನಾನು ಆಡಿದ ಮಾತಿಗಲ್ವಾ?"

"ಯಾವ ಮಾತು?"

ಲೂ ರೋಂಡಾಳ ಕಡೆ ಒಮ್ಮೆ ನೋಡಿ, ಧ್ವನಿ ತಗ್ಗಿಸಿದ. "ಐಲೀನ್ ಮಣ್ಣಿನ ದಿನ. ಚರ್ಚಿನ ಹಿಂದುಗಡೆ ಊಟಕ್ಕೆ ಕೂತಿದ್ವಿ. ಏನು ಮಾತಾಡ್ಬೇಕು ಅಂತ ತಿಳೀದೆ, 'ಇನ್ಮೇಲೆ ನಿಂಗೆ ಪುಸ್ತಕ ರಿಪೇರಿಗೆ ಬೇಕಾದಷ್ಟು ಟೈಮು ಬಿಡು' ಅಂದ್ಬಿಟ್ಟೆ. ತಮಾಷೆಗೆ. ನೀನು ತಟ್ಟೆ ಇಟ್ಟು ಎದ್ದು ಹೋದೆ. ಆಮೇಲೆ ಮನೆ ಕಡೆ ಬರ್ಲೇ ಇಲ್ಲ."

ಡ್ವೈಟ್ ಆ ಮಧ್ಯಾಹ್ನವನ್ನು ನೆನಪಿಸಿಕೊಳ್ಳಲು ಯತ್ನಿಸಿದ. ಉದ್ದ ಮೇಜು, ಹ್ಯಾಮ್, ಆಲೂಗಡ್ಡೆ ಸಲಾಡು, ಜನರ ಬಾಯಿಗಳು ಅಲುಗಾಡುತ್ತಿದ್ದುದು. ಆ ಮಾತು ಎಲ್ಲೂ ಇರಲಿಲ್ಲ. "ನಂಗೆ ಕೇಳಿಸ್ಲೇ ಇಲ್ಲ ಲೂ. ಅವತ್ತು ಯಾರ ಮಾತೂ ಕೇಳಿಸ್ಲಿಲ್ಲ."

"ಕೇಳಿಸ್ಲಿಲ್ಲ!" ಲೂ ತೋಳಿನಿಂದ ಕಣ್ಣೊರೆಸಿಕೊಂಡ. "ಮಿರ್ನಾ ಇವತ್ತಿನವರೆಗೂ ಬಯ್ತಾಳೆ ಕಣೋ. ನಿನ್ನ ಹಾಳು ಬಾಯಿಗೆ ಇದ್ದೊಬ್ಬ ಸ್ನೇಹಿತನೂ ಹೋದ ಅಂತ. ಕ್ಷಮೆ ಕೇಳೋಣ ಅಂತ ಎಷ್ಟು ಸಲ ಫೋನ್ ಎತ್ತಿ ಇಟ್ಟಿದೀನಿ ಗೊತ್ತಾ? ಕೇಳಿದ್ರೆ ಅದನ್ನ ಮತ್ತೆ ನೆನಪು ಮಾಡಿದ ಹಾಗಾಗುತ್ತೆ ಅಂತ ಸುಮ್ನಿದ್ದೆ."

ಡ್ವೈಟ್‌ಗೆ ಎದೆಯಿಂದ ಏನೋ ಇಳಿದುಹೋದಂತಾಗಿತ್ತು. ಆದರೆ ಅದು ಇದ್ದ ಜಾಗ ಬರಿದಾಗಿ, ಒಂದಿಷ್ಟು ನೋಯುತ್ತಿತ್ತು. ವ್ಯಾಪಾರಿಯ ಆ ಎಂಟು ಪುಸ್ತಕಗಳನ್ನಂತೂ ಅವನು ನಿಜವಾಗಿಯೂ ಕತ್ತರಿಸಿದ್ದ. ಅವು ಎಲ್ಲೋ ಯಾರದೋ ಕಪಾಟಿನಲ್ಲಿದ್ದವು. ಅದಕ್ಕೆ ಈಗ ಮಾಡುವಂಥದ್ದೇನೂ ಇರಲಿಲ್ಲ.

"ಸ್ವಾಮಿ, ಹಿಂದೆ ಸಾಲು ಬೆಳೀತಿದೆ. ಕಳಿಸ್ತೀರೋ, ಇಲ್ವೋ?" ಎಂದಳು ರೋಂಡಾ.

ಡ್ವೈಟ್ ಪೆನ್ನು ತೆಗೆದು ಒಂಬತ್ತನೆಯ ಸಾಲಿನಲ್ಲಿ 'ಇಲ್ಲ' ಎಂದು ಬರೆದ. ದಪ್ಪಕ್ಷರದಲ್ಲೇ ಬರೆದ. ಅದರ ಪಕ್ಕದಲ್ಲಿ, ಯಾರೂ ಕೇಳದಿದ್ದರೂ, '1986ರಲ್ಲಿ ಒತ್ತಿ ನೇರ ಮಾಡಿದ್ದು, ಡಿ. ಹಾರ್ನಿಕ್' ಎಂದು ಸೇರಿಸಿದ. ಪುಸ್ತಕವನ್ನು ಚೀಲಕ್ಕೆ ಸೇರಿಸಿ ಅವಳ ಕೈಗೆ ಕೊಟ್ಟ. ಅವಳು ಅದನ್ನು ಪೆಟ್ಟಿಗೆಯಲ್ಲಿ ಇನ್ನೂ ನಲವತ್ತರ ಜೊತೆ ನಿಲ್ಲಿಸಿ, ಮುಂದಿನವನನ್ನು ಕರೆದಳು.

ಹೊರಗೆ ಕಾರು ನಿಲ್ಲಿಸುವ ಬಯಲಲ್ಲಿ ಮಾರ್ಚಿನ ಗಾಳಿ ಚುರುಕಾಗಿ ಬೀಸುತ್ತಿತ್ತು. ಲೂ ಮನೆಗೆ ಫೋನು ಒತ್ತಿ, ಅದನ್ನು ಡ್ವೈಟ್‌ನ ಎದೆಗೆ ಒತ್ತಿ ಹಿಡಿದ.

"ನೀನೇ ಹೇಳು ಅವಳಿಗೆ. ನನ್ ಮಾತು ನಂಬಲ್ಲ."

"ಏನಂತ ಹೇಳ್ಲಿ?"

"ನನ್ ಬಾಯಿಂದಾಗಿದ್ದಲ್ಲ ಅಂತ. ಅಷ್ಟು ಹೇಳಿದ್ರೆ ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ."

ಫೋನಿನಲ್ಲಿ ಮಿರ್ನಾಳ ದನಿ ಆಗಲೇ ಬಂದಿತ್ತು. "ಲೂ? ಏನಾಯ್ತು? ಚೀಲ ಬಿಟ್ಟು ಬಂದ್ಯಾ ಮತ್ತೆ?"

"ಮಿರ್ನಾ, ನಾನು. ಡ್ವೈಟ್."

ಆ ಕಡೆ ನಲ್ಲಿ ನಿಂತ ಸದ್ದಾಯಿತು. ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದು. ಡ್ವೈಟ್ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದ. ಎಲ್ಲಿಂದ ಶುರುಮಾಡಬೇಕು, ಅಂಚಿನಿಂದಲೋ, ಆಸ್ಪತ್ರೆಯಿಂದಲೋ. ಅವಳು ಅದಕ್ಕೆ ಕಾಯಲಿಲ್ಲ.

"ನಾಳೆ ಭಾನುವಾರ," ಎಂದಳು. "ಏನಾದ್ರೂ ಕೆಲ್ಸ ಇದೆಯಾ ನಿಂಗೆ?"

ಲೂ ಅವನ ಮುಖಕ್ಕೆ ಮುಖ ತಂದು, ಕಾಣದ ಕಣ್ಣುಗಳಿಂದ ನೋಡುತ್ತ ನಿಂತಿದ್ದ.

"ಇಲ್ಲ," ಎಂದ ಡ್ವೈಟ್. "ಏನೂ ಕೆಲ್ಸ ಇಲ್ಲ."