ಹೂವಮ್ಮ ತಂದ ನೀರು

ಆ ವರ್ಷ ಆಂಧ್ರದ ಗಡಿಯೂರು ಕೌತಾಳಂನ ಕನ್ನಡ ಶಾಲೆಗೆ ಪರಿಸರ ಅಧ್ಯಯನ ಎಂಬ ಹೊಸ ಪುಸ್ತಕ ಬಂತು. ದೇಶದ ಮಕ್ಕಳೆಲ್ಲ ಸುತ್ತಲಿನ ಮಣ್ಣು, ನೀರು, ಗಿಡಗಳನ್ನು ಕಣ್ಣಾರೆ ನೋಡಿ ಕಲಿಯಬೇಕೆಂದು ದಿಲ್ಲಿಯ ದೊಡ್ಡವರು ತೀರ್ಮಾನಿಸಿದ್ದರಂತೆ. ಒಳ್ಳೆಯದೇ. ಆದರೆ ಮಕ್ಕಳು ಮೇಷ್ಟ್ರನ್ನೂ ಕಣ್ಣಾರೆ ನೋಡುತ್ತಾರೆ ಎಂಬುದು ಅವರಿಗೆ ಹೊಳೆದಂತಿಲ್ಲ.

ಮೇಷ್ಟ್ರು ಸೇತುಮಾಧವರಾಯರು ಆದೋನಿ ಕಡೆಯವರು, ಮಡಿಯವರು. ಹೆಂಡತಿ ತೀರಿಕೊಂಡ ಮೇಲೆ ಶಾಲೆಯ ಹಿಂದಿನ ಕೋಣೆಯಲ್ಲಿ ತಾವೇ ಬೇಯಿಸಿ ಉಣ್ಣುತ್ತಿದ್ದರು, ತಾವೇ ಸೇದಿದ ನೀರು ಕುಡಿಯುತ್ತಿದ್ದರು. ಊರು ಅದಕ್ಕೆ ಗೌರವ ಕೊಟ್ಟು ದೂರ ನಿಂತಿತ್ತು. ಸಂಜೆಯಾದರೆ ರಾಯರಿಗೆ ಮಾತಾಡಲು ಗೋಡೆಯೊಂದೇ.

ನೀರಿನ ಪಾಠದ ದಿನ ಮಕ್ಕಳು ಮನೆಮನೆಯಿಂದ ಲೋಟದಲ್ಲಿ ನೀರು ತಂದರು. ಇಟ್ಟಲ್ಲೇ ಕೆಸರು ತಳಕ್ಕಿಳಿಯಿತು. ಹೂವಮ್ಮ ಎಂಬ ಹುಡುಗಿ ತನ್ನ ಓಣಿಯ ಬಾವಿಯಿಂದ ತಂದ ನೀರು ಎಲ್ಲಕ್ಕಿಂತ ತಿಳಿಯಾಗಿತ್ತು.

"ನೋಡ್ರಿ, ಇಂಥಾ ನೀರು ಕುಡೀಬೇಕು," ಎಂದರು ರಾಯರು.

ಹೂವಮ್ಮ ಹಿಗ್ಗಿಹೋಗಿ ಲೋಟ ಎತ್ತಿ ಅವರ ಮುಂದೆ ಹಿಡಿದಳು. "ಹಂಗಾರ ಕುಡೀರಿ ಸಾರ್."

ರಾಯರ ಕೈ ಮೇಲೆ ಬಂತು, ನಿಂತಿತು. "ಬ್ಯಾಡವ್ವ. ಅಲ್ಲೇ ಇಡು."

ಎರಡು ದಿನ ಕಳೆದ ಮೇಲೆ, ಹೂವಮ್ಮನ ಓಣಿಯ ಹೆಂಗಸರು ಬಾವಿ ಬಿಟ್ಟು ಕೊಡ ಹೊತ್ತು ದೂರದ ಕಾಲುವೆಗೆ ಹೋಗುವುದನ್ನು ರಾಯರು ನೋಡಿದರು. ಅದು ಎಮ್ಮೆಗಳು ಬಿದ್ದು ಹೊರಳುವ ನೀರು. ಹುಡುಗಿಯ ತಾಯಿ ಎರ್ರಮ್ಮನನ್ನು ತಡೆದು ಯಾಕೆಂದು ಕೇಳಿದರು.

"ನೀವಾ ಕುಡೀಲಿಲ್ಲಂತಲ್ರಿ? ತಿಳಿ ಇದ್ರೂ ಒಳಗ ಏನೋ ಐತಿ ಅಂತ ಹುಡುಗಿ ಅತ್ತಳು. ಓದಿದವರು ಸುಮ್‌ಸುಮ್ನ ನೀರು ಬ್ಯಾಡ ಅಂತಾರೇನ್ರಿ?"

"ನನ್ನ ಮಡಿ ನಿಮಗ ಗೊತ್ತಿಲ್ಲೇನ?"

"ಮಡಿ ಮನ್ಯಾಗ ಅಲ್ಲೇನ್ರಿ? ಇದು ಸಾಲ್ಯಾಗಿನ ಪಾಠ."

ರಾಯರಿಗೆ ನಾಚಿಕೆಯಾಯಿತು. ಅವಳ ಮಾತು ಸರಿ ಎನಿಸಿದ್ದರಿಂದ ಇನ್ನಷ್ಟು ನಾಚಿಕೆಯಾಯಿತು. ಬಾಯಿಮಾತಿನಿಂದ ಇದು ಸರಿಹೋಗುವಂಥದ್ದಲ್ಲ. ಆ ಸಂಜೆ ತಾವೇ ಬಾವಿಗೆ ಹೋಗಿ ಓಣಿಯವರನ್ನೆಲ್ಲ ಕರೆದರು. "ಎರ್ರಮ್ಮ, ನೀರು ಸೇದಿ ನನಗ ಹಾಕು," ಎಂದು ಬೊಗಸೆ ಒಡ್ಡಿದರು.

ಎರ್ರಮ್ಮ ಹಿಂದೆ ಮುಂದೆ ನೋಡಿ, ಕಡೆಗೆ ಸೇದಿ ಸುರಿದಳು. ರಾಯರು ಕಣ್ಣು ಮುಚ್ಚಿ ಕುಡಿದರು. ನೀರು ಮೊಣಕೈಗುಂಟ ಇಳಿದು ಧೋತರ ತೋಯಿಸಿತು. ಇನ್ನೊಬ್ಬರು ಸುರಿದ ನೀರು ಕುಡಿದು ಎಷ್ಟು ಕಾಲವಾಗಿತ್ತೋ.

"ಭಾಳ ಛಲೋ ಅದ. ನೀರಿಗೇನೂ ಆಗಿಲ್ಲ. ತಪ್ಪು ನಂದು."

"ಮಂಚಿ ನೀಳ್ಳೇ!" ಒಳ್ಳೇ ನೀರೇ ಎಂದು ಯಾರೋ ತೆಲುಗಿನಲ್ಲಿ ಕೂಗಿದರು. ಹೆಂಗಸರು ನಕ್ಕರು, ಹಗ್ಗ ಇಳಿಯಿತು, ಕೊಡಗಳು ತುಂಬಿದವು.

ರಾಯರು ಮಾತ್ರ ಕಟ್ಟೆ ಬಿಟ್ಟು ಕದಲಲಿಲ್ಲ. ಮನೆಗಳಿಂದ ರೊಟ್ಟಿ ಸುಡುವ ವಾಸನೆ ಬರುತ್ತಿತ್ತು. ಯಾರಾದರೂ ಬರ್ರಿ ಎಂದರೆ ಹೋಗುವುದೆಂದು ಮನಸ್ಸು ಮಾಡಿಕೊಂಡಿದ್ದರು. ಯಾರ ಮನೆಯಾದರೂ ಸರಿ. ತಾವಾಗಿ ಕೇಳಲು ಮಾತ್ರ ಬಾಯಿ ಬರಲಿಲ್ಲ.

ಎರ್ರಮ್ಮ ಕೊಡ ಟೊಂಕಕ್ಕಿಟ್ಟುಕೊಂಡು ಹತ್ತಿರ ಬಂದಳು. ಅವಳ ಮುಖದಲ್ಲಿ ನಿಜವಾದ ಕಳಕಳಿ ಇತ್ತು.

"ಹೊತ್ತಾತು ಸಾರ್. ಒಬ್ರಾ ಅಡಿಗಿ ಮಾಡ್ಕೋಬೇಕು ನೀವು. ಲಗೂನ ಹೋಗ್ರಿ."

"ಹೌದವ್ವ," ಎಂದರು ರಾಯರು.