ಅವ್ವನ ಫೋಟೋ ಇದ್ದ ಜಾಗ

ಮುಶಿಗೇರಿಯ ಬಸ್ಯಾನಿಗೆ ಏಳು ವರ್ಷ. ಹುಟ್ಟುವಾಗಲೇ ಉಸಿರು ಕಟ್ಟಿದ್ದರಿಂದ ಕೈಕಾಲು, ನಾಲಿಗೆ ಅವನ ಹತೋಟಿಗೆ ಬರಲೇ ಇಲ್ಲ. ಬೇರೆಯವರು ಆಡಿದ ಮಾತೆಲ್ಲ ತಿಳಿಯುತ್ತಿತ್ತು. ತಾನು ಆಡಲು ಮಾತ್ರ ಆಗುತ್ತಿರಲಿಲ್ಲ. ತಾಯಿ ಅನ್ನಪೂರ್ಣೇಶ್ವರಿ ವಾರಕ್ಕೊಮ್ಮೆ ಅವನನ್ನು ಎತ್ತಿಕೊಂಡು ಬಸ್ಸಿನಲ್ಲಿ ಗಜೇಂದ್ರಗಡಕ್ಕೆ ಬರುತ್ತಿದ್ದಳು. ಅಲ್ಲಿ ಸ್ಪೀಚ್ ಥೆರಪಿಸ್ಟ್ ಫರ್ಜಾನಾ ಒಂದು ರಟ್ಟಿನ ಮೇಲೆ ನೀರು, ಊಟ, ನಿದ್ದೆ, ನೋವಿನ ಚಿತ್ರಗಳನ್ನೂ ಅವ್ವನ ಫೋಟೋವನ್ನೂ ಅಂಟಿಸಿ, ಬೇಕಾದ್ದರ ಮೇಲೆ ಬೆರಳಿಡುವುದನ್ನು ಅವನಿಗೆ ಕಲಿಸಿದಳು. ಮೊದಲ ಸಲ ಬೆರಳು ಫೋಟೋದ ಮೇಲೆ ನಿಂತಾಗ ಅನ್ನಪೂರ್ಣೇಶ್ವರಿ, "ನನ್ನ ಕರದ್ನರಿ ಮೇಡಂ," ಎಂದು ಅತ್ತಿದ್ದಳು.

ಮಳೆಗಾಲದಲ್ಲಿ ಅವರು ಬರುವುದು ನಿಂತಿತು. ಫೋನ್ ಮಾಡಿದರೂ ಯಾರೂ ಎತ್ತಲಿಲ್ಲ. ಫರ್ಜಾನಾ ಊರಿಗೇ ಹೋದಾಗ ತಿಳಿಯಿತು: ಎರಡನೇ ಹೆರಿಗೆಯಲ್ಲಿ ತಾಯಿಯೂ ಉಳಿದಿರಲಿಲ್ಲ, ಕೂಸೂ ಉಳಿದಿರಲಿಲ್ಲ.

ಬಸ್ಯಾ ಗೋಡೆಗೆ ಒರಗಿ ಕೂತಿದ್ದ. ರಟ್ಟು ಮಡಿಲಲ್ಲಿತ್ತು. ಫೋಟೋ ಕಿತ್ತಿದ್ದರು. ಉಳಿದ ಅಂಟಿನ ಕಲೆಯ ಮೇಲೇ ಅವನ ಬೆರಳು.

"ದಿನಾ ಅವ್ವನ ಫೋಟೋದ ಮ್ಯಾಲೇ ಬಟ್ಟ ಇಡತಿದ್ನರಿ," ಎಂದಳು ಅಜ್ಜಿ ಚನ್ನವ್ವ. "ತವರಿಗೆ ಹೋಗ್ಯಾಳ ಅಂದ್ವಿ. ಮತ್ತ ಮತ್ತ ಕೇಳತಿದ್ದ. ನೋಡಾಕ ಆಗಲಿಲ್ಲ, ಕಿತ್ತ ಹಾಕಿದ್ವಿ."

"ಇನ್ನೂ ಕೇಳಾಕತ್ತಾನ ಅಮ್ಮಾರ," ಎಂದಳು ಫರ್ಜಾನಾ. "ಖರೇ ಹೇಳ್ರಿ ಅವಗ."

"ಸಣ್ಣ ಕೂಸ, ಅದಕೇನ ತಿಳಿತೈತ್ರಿ?"

"ಎಲ್ಲಾ ತಿಳಿತೈತ್ರಿ. ಅವ್ವ ತನ್ನ ಬಿಟ್ಟ ಹೋದ್ಲು ಅಂತ ತಿಳ್ಕೊಂಡ ಕೂತಿರಬೇಕ."

ತಂದೆ ಗುರುಸಂಗಪ್ಪ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಮಗನನ್ನು ಎತ್ತಿಕೊಂಡು ಹೊಲಕ್ಕೆ ನಡೆದ. ಫರ್ಜಾನಾ ರಟ್ಟು ಹಿಡಿದು ಹಿಂದೆ ಹೋದಳು. ಬದುವಿನ ಪಕ್ಕ ಹೆಂಡತಿಯನ್ನು ಹೂಳಿದ ಹಸಿ ಮಣ್ಣಿನ ಬಳಿ ಕೂತು ಅವನು ಫರ್ಜಾನಾಳ ಕಡೆ ನೋಡಿದ.

"ಹ್ಯಾಂಗ ಹೇಳ್ಲಿರಿ?"

"ಸುತ್ತಿ ಬಳಸಿ ಬ್ಯಾಡ್ರಿ ಅಣ್ಣಾರ. ಸಣ್ಣ ಮಾತಿನ್ಯಾಗ ಹೇಳ್ರಿ. ಆಮ್ಯಾಲೆ ಸುಮ್ಮನಿದ್ದು ಅವಗೂ ಹೇಳಾಕ ವ್ಯಾಳ್ಯಾ ಕೊಡ್ರಿ."

"ಬಸ್ಯಾ, ಅವ್ವ ಸತ್ತಾಳೊ. ಇಲ್ಲೇ ಮಣ್ಣ ಮಾಡೀವಿ. ಇನ್ನ ಬರಂಗಿಲ್ಲ. ನೀ ಏನೂ ತಪ್ಪ ಮಾಡಿಲ್ಲ."

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬಸ್ಯಾನ ಬೆರಳು ರಟ್ಟಿನ ಮೇಲೆ ಸರಿಯುತ್ತ ಹೋಗಿ ನೋವಿನ ಚಿತ್ರದ ಮೇಲೆ ನಿಂತಿತು.

"ಎಲ್ಲಿ ನೋವಪಾ? ಹೊಟ್ಟಿ ಏನ?" ಗಾಬರಿಯಿಂದ ಕೇಳಿದ ಗುರುಸಂಗಪ್ಪನಿಗೆ ಕೇಳುತ್ತಲೇ ಅರ್ಥವಾಯಿತು. ತನ್ನ ಬೆರಳನ್ನೂ ಮಗನ ಬೆರಳಿನ ಪಕ್ಕದಲ್ಲಿಟ್ಟ. ಮಣ್ಣು ಮಾಡಿದ ದಿನ ಊರವರೆದುರು ಅಳದವನು ಈಗ ಬಿಕ್ಕಿ ಬಿಕ್ಕಿ ಅತ್ತ.

ಮುಂದಿನ ವಾರ ಅವನೇ ಮಗನನ್ನು ಗಜೇಂದ್ರಗಡಕ್ಕೆ ಹೊತ್ತು ತಂದ. ಬಸ್ಯಾ ಸೊರಗಿದ್ದ, ಯಾವ ಚಿತ್ರಕ್ಕೂ ಕೈ ಚಾಚಲಿಲ್ಲ. ಫರ್ಜಾನಾ ಒತ್ತಾಯಿಸಲಿಲ್ಲ. ಹೊರಗೆ ಮುಂದಿನ ಮಗುವಿನವರು ಕಾಯುತ್ತಿದ್ದರೂ ಮೂವರೂ ಸುಮ್ಮನೆ ಕೂತರು.